ದಿನಚರ್ಯೆ ಮತ್ತು ದೇಹಚೈತನ್ಯ

ಪೀಠಿಕೆ

ನಮ್ಮ ಶಾಲೆಗಳ ಅಧ್ಯಾಪಕರ ಕೊಠಡಿಯಲ್ಲಿ ವರ್ಷದಿಂದ ವರ್ಷಕ್ಕೆ ಕೇಳಿಬರುವ ದೂರೊಂದುಂಟು. ಬೆಳಗಿನ ಪ್ರಾರ್ಥನೆಯಲ್ಲಿ ಲವಲವಿಕೆಯಿಂದ ನಿಂತಿದ್ದ ಮಕ್ಕಳು ಹನ್ನೊಂದು ಗಂಟೆಯ ವೇಳೆಗೆ ಬಾಡಿದ ಸೊಪ್ಪಿನಂತಾಗುತ್ತಾರೆ. ಕರಿಹಲಗೆಯ ಮೇಲೆ ಬರೆದುದು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಇಳಿಯುವುದಿಲ್ಲ. ಇದನ್ನು ಕಂಡ ನಾವು ‘ಸೋಮಾರಿತನ’, ‘ಅಲಕ್ಷ್ಯ’ ಎಂಬ ಎರಡು ಮಾತುಗಳಲ್ಲಿ ವಿಷಯವನ್ನು ಮುಗಿಸಿಬಿಡುವುದು ವಾಡಿಕೆ. ಮಕ್ಕಳ ಮಾತು ಹಾಗಿರಲಿ. ಮಧ್ಯಾಹ್ನದ ತರಗತಿಗೆ ಹೋಗುವ ಅಧ್ಯಾಪಕರ ನಡಿಗೆಯಲ್ಲಿಯೂ, ಮಾಲೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಇರುಳಾದ ಮೇಲೆ ಮನೆ ಸೇರುವ ನಮ್ಮ ಹಳೆಯ ವಿದ್ಯಾರ್ಥಿಗಳ ಮುಖದಲ್ಲಿಯೂ ಅದೇ ಬಳಲಿಕೆಯನ್ನು ಕಾಣಬಹುದು.

ಈ ವಿಷಯದಲ್ಲಿ ಉಪದೇಶ ಮಾಡುವುದಕ್ಕೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ನಾನು ವಿಜ್ಞಾನದ ಅಧ್ಯಾಪಕನಾಗಿ ವೃತ್ತಿಗೆ ಸೇರಿದ ಮೊದಲ ವರ್ಷಗಳಲ್ಲಿ, ಒಂಬತ್ತನೆಯ ತರಗತಿಯಲ್ಲಿ ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿಯಿದ್ದಳು. ಪ್ರಶ್ನೆ ಕೇಳುವುದರಲ್ಲಿ ಮುಂದಾಗಿದ್ದವಳು ಒಂದು ತಿಂಗಳಿನಿಂದ ಪಾಠದ ನಡುವೆ ತೂಕಡಿಸತೊಡಗಿದಳು. ಒಂದು ದಿನ ತಾಳ್ಮೆಗೆಟ್ಟು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಇಡೀ ತರಗತಿಯ ಎದುರಿಗೆ ‘ಸೋಮಾರಿ’ ಎಂದು ಕರೆದೆ. ಅವಳು ಅಳಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಗೋಡೆಯನ್ನು ಹಿಡಿದುಕೊಂಡು ನಿಂತಿದ್ದಳು.

ಮರುದಿನ ಅವಳ ಅಜ್ಜಿ ಶಾಲೆಗೆ ಬಂದರು. “ಮೇಷ್ಟ್ರೇ, ಹುಳು ನಾಲ್ಕನೇ ಜ್ವರ ಎದ್ದವೆ. ರಾತ್ರಿ ಹನ್ನೊಂದಕ್ಕೊಂದು ಸಲ, ಬೆಳಗಿನ ಜಾವ ನಾಲ್ಕಕ್ಕೊಂದು ಸಲ ಸೊಪ್ಪು ಹಾಕ್ಬೇಕು. ಅವರಮ್ಮನಿಗೆ ಮೈ ಸರಿ ಇಲ್ಲ, ಈ ಮಗುವೇ ಮಾಡ್ತದೆ. ಹೊತ್ತಾಯ್ತು ಅಂತ ಏನೂ ತಿನ್ನದೆ ಓಡಿ ಬರ್ತದೆ. ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊಳಿ” ಎಂದರು. ರೇಷ್ಮೆಹುಳು ತನ್ನ ಜೀವಮಾನದಲ್ಲಿ ತಿನ್ನುವ ಹಿಪ್ಪುನೇರಳೆ ಸೊಪ್ಪಿನ ಬಹುಪಾಲನ್ನು ನಾಲ್ಕನೆಯ ಜ್ವರದ ನಂತರದ ಏಳೆಂಟು ದಿನಗಳಲ್ಲಿಯೇ ತಿನ್ನುತ್ತದೆಂಬುದನ್ನು ನಾನೇ ಪಾಠ ಹೇಳಿದ್ದೆ. ಆ ಸೊಪ್ಪನ್ನು ಹಾಕುವ ಕೈಗಳು ಯಾರವೆಂದು ಯೋಚಿಸಿರಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿದಾಗ ಅವಳ ರಕ್ತದಲ್ಲಿ ಹಿಮೋಗ್ಲೋಬಿನ್ ೧೦೦ ಮಿಲಿಲೀಟರಿಗೆ ೮ ಗ್ರಾಂ ಮಾತ್ರವಿತ್ತು. ಆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅದು ೧೨ ಗ್ರಾಂಗಿಂತ ಕಡಿಮೆ ಇರಬಾರದು. ಮಾತ್ರೆ, ಊಟ, ನಿದ್ರೆಗಳ ಕ್ರಮದಿಂದ ಕೆಲವು ತಿಂಗಳುಗಳಲ್ಲಿ ಅವಳ ರಕ್ತ ಸುಧಾರಿಸಿತು, ಪರೀಕ್ಷೆಯಲ್ಲಿಯೂ ತೇರ್ಗಡೆಯಾದಳು. ಆದರೆ ನನ್ನ ಪಾಠದಲ್ಲಿ ಅವಳು ಪ್ರಶ್ನೆ ಕೇಳುವುದು ಮಾತ್ರ ಅಂದಿನಿಂದ ನಿಂತುಹೋಯಿತು.

ದಣಿವಿಗೆ ಕಾರಣವುಂಟು, ಆ ಕಾರಣವನ್ನು ಹುಡುಕದೆ ಗುಣದೋಷದ ತೀರ್ಪು ಕೊಡುವುದು ಅನ್ಯಾಯ ಎಂಬುದನ್ನು ಆ ಮಗುವಿನಿಂದ ಕಲಿತೆ. ಚೈತನ್ಯವನ್ನು ಅಂಗಡಿಯಿಂದ ಕೊಂಡು ತರಬೇಕಾಗಿಲ್ಲ; ನಿತ್ಯಜೀವನದಲ್ಲಿ ಅದು ಸೋರಿಹೋಗುವ ರಂಧ್ರಗಳನ್ನು ಮುಚ್ಚಿದರೆ ಸಾಕು. ಆ ರಂಧ್ರಗಳು ಯಾವುವು, ಅವನ್ನು ಮುಚ್ಚುವ ಸುಲಭೋಪಾಯಗಳೇನು ಎಂಬುದನ್ನು ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ಚೈತನ್ಯವೆಂದರೇನು?

ನಾವು ಉಂಡ ಅನ್ನವು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುತ್ತದೆ. ಉಸಿರಿನೊಡನೆ ಬಂದ ಆಮ್ಲಜನಕವನ್ನು ರಕ್ತದ ಕೆಂಪು ಕಣಗಳು ಹೊತ್ತು ದೇಹದ ಮೂಲೆಮೂಲೆಗೂ ಮುಟ್ಟಿಸುತ್ತವೆ. ಅಲ್ಲಿ ಇವೆರಡೂ ಕೂಡಿದಾಗ ಶಕ್ತಿಯು ಬಿಡುಗಡೆಯಾಗುತ್ತದೆ. ಒಲೆಗೆ ಸೌದೆಯೂ ಗಾಳಿಯೂ ಬೇಕಾದಂತೆ ದೇಹಕ್ಕೆ ಆಹಾರವೂ ಆಮ್ಲಜನಕವೂ ಬೇಕು; ಇವನ್ನು ಸಾಗಿಸುವುದಕ್ಕೆ ನೀರು ಬೇಕು; ದಿನವೆಲ್ಲ ಉರಿದ ಒಲೆಯ ಬೂದಿಯನ್ನು ತೆಗೆದು ಅಣಿಗೊಳಿಸುವುದಕ್ಕೆ ನಿದ್ರೆ ಬೇಕು. ಈ ನಾಲ್ಕರಲ್ಲಿ ಯಾವುದೊಂದು ಕಡಿಮೆಯಾದರೂ ಉಳಿದ ಮೂರರ ಸಮೃದ್ಧಿಯಿಂದ ಪ್ರಯೋಜನವಿಲ್ಲ. ಹೀಗಿರುವಲ್ಲಿ ಒಂದು ಸೀಸೆಯ ಟಾನಿಕ್ಕಿನಿಂದ ಸಕಲವೂ ಸರಿಹೋಗುವುದೆಂಬ ನಂಬಿಕೆ ಎಷ್ಟು ದುರ್ಬಲವೆಂಬುದನ್ನು ವಾಚಕರೇ ಊಹಿಸಬಹುದು.

ಶರಣ ಪರಂಪರೆಯು ದೇಹವನ್ನು ಹೇಯವೆಂದು ಕಾಣಲಿಲ್ಲ. ಅದನ್ನು ದೇಗುಲವೆಂದು ಭಾವಿಸಿತು, ಪ್ರಸಾದಕಾಯವೆಂದು ಗೌರವಿಸಿತು. ದೇಹವನ್ನು ವ್ಯರ್ಥವಾಗಿ ದಂಡಿಸುವುದಕ್ಕಿಂತ ಅದರಿಂದ ಸತ್ಯವಾದ ಕಾಯಕವನ್ನು ಮಾಡಿಸುವುದೇ ಶ್ರೇಷ್ಠವೆಂದು ಬೋಧಿಸಿತು. ಆದುದರಿಂದ ದೇಹದ ಚೈತನ್ಯವನ್ನು ಕಾಪಾಡಿಕೊಳ್ಳುವುದು ಸುಖಲೋಲುಪತೆಯಲ್ಲ; ಕಾಯಕಕ್ಕೆ ಬೇಕಾದ ಮೊದಲ ಸಿದ್ಧತೆ.

ಬೆಳಗಿನ ಆಹಾರ

ರಾತ್ರಿ ಎಂಟು ಗಂಟೆಗೆ ಊಟ ಮಾಡಿದ ಮಗು ಬೆಳಿಗ್ಗೆ ಏನನ್ನೂ ತಿನ್ನದೆ ಶಾಲೆಗೆ ಬಂದರೆ, ಹನ್ನೊಂದು ಗಂಟೆಯ ಹೊತ್ತಿಗೆ ಹದಿನೈದು ಗಂಟೆಗಳ ಉಪವಾಸವಾಗುತ್ತದೆ. ರಾತ್ರಿಯ ವೇಳೆ ರಕ್ತಕ್ಕೆ ಸಕ್ಕರೆಯನ್ನು ಒದಗಿಸುವುದು ಯಕೃತ್ತಿನಲ್ಲಿರುವ ಸಂಗ್ರಹ. ಅದು ದೊಡ್ಡವರಲ್ಲಿಯೇ ಸುಮಾರು ೧೦೦ ಗ್ರಾಂ, ಮಕ್ಕಳಲ್ಲಿ ಇನ್ನೂ ಕಡಿಮೆ. ಬೆಳಗಾಗುವಷ್ಟರಲ್ಲಿ ಅದರ ಬಹುಭಾಗ ಖರ್ಚಾಗಿರುತ್ತದೆ. ಮಿದುಳು ತೂಕದಲ್ಲಿ ದೇಹದ ಐವತ್ತನೆಯ ಒಂದು ಪಾಲಾದರೂ, ವಿಶ್ರಾಂತಿಯಲ್ಲಿರುವಾಗ ದೇಹವು ಬಳಸುವ ಶಕ್ತಿಯಲ್ಲಿ ಐದನೆಯ ಒಂದು ಪಾಲನ್ನು ಅದೇ ಬೇಡುತ್ತದೆ. ಮೂರನೆಯ ಅವಧಿಯಲ್ಲಿ ಬೀಜಗಣಿತ ತಲೆಗೆ ಹತ್ತದಿರುವುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ನಮ್ಮ ಸೀಮೆಯ ಹಿರಿಯರಿಗೆ ಈ ತೊಂದರೆ ಇರಲಿಲ್ಲ. ರಾತ್ರಿಯ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಈರುಳ್ಳಿ ಸೇರಿಸಿ ಕುಡಿದು ಹೊಲಕ್ಕೆ ಹೋಗುತ್ತಿದ್ದರು. ಇಲ್ಲವೇ ಅಂಬಲಿ ಕುಡಿಯುತ್ತಿದ್ದರು. ನಾಗರಿಕತೆಯ ಭ್ರಮೆಯಲ್ಲಿ ನಾವು ‘ತಂಗಳು’ ಎಂಬ ಮಾತಿಗೇ ನಾಚಿಕೊಂಡು, ಅದರ ಸ್ಥಾನದಲ್ಲಿ ಒಂದು ಲೋಟ ಸಿಹಿ ಚಹಾ, ಎರಡು ಬಿಸ್ಕತ್ತುಗಳನ್ನು ತಂದು ಕೂರಿಸಿದ್ದೇವೆ. ಸಕ್ಕರೆ ಮತ್ತು ಮೈದಾಹಿಟ್ಟಿನ ಈ ಉಪಾಹಾರವು ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ, ಅಷ್ಟೇ ಬೇಗ ಇಳಿಸುತ್ತದೆ. ಇಳಿದಾಗ ಬರುವುದೇ ತೂಕಡಿಕೆ, ಸಿಡುಕು.

ರಾಗಿಯ ಗುಣ ಬೇರೆ. ಕಾಳು ಸಣ್ಣದಾದುದರಿಂದ ಅದನ್ನು ಸಿಪ್ಪೆಯ ಸಮೇತವೇ ಬೀಸುತ್ತಾರೆ. ನಾರಿನ ಅಂಶ ಹಿಟ್ಟಿನಲ್ಲಿಯೇ ಉಳಿಯುತ್ತದೆ, ಬಹುಹೊತ್ತಿನವರೆಗೆ ಹಸಿವಾಗುವುದಿಲ್ಲ. ೧೦೦ ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿರುವುದು ಅದರ ಇಪ್ಪತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿದು ಬರಗಾಲದಲ್ಲಿ ಈ ನಾಡನ್ನು ಕಾಪಾಡಿದ ಧಾನ್ಯವನ್ನು ಬಡವರ ಆಹಾರವೆಂದು ಕೀಳಾಗಿ ಕಂಡವರುಂಟು. ವಿಶ್ವಸಂಸ್ಥೆಯು ೨೦೨೩ನೆಯ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿ ಆಚರಿಸಿದ ಮೇಲಾದರೂ ಆ ಕೀಳರಿಮೆ ನಮ್ಮಿಂದ ತೊಲಗಬೇಕು.

ರಾಗಿಯೊಂದೇ ಸಾಲದು. ಧಾನ್ಯಗಳಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಅಂಶವನ್ನು ಬೇಳೆಕಾಳುಗಳು ತುಂಬಿಕೊಡುತ್ತವೆ. ಮುದ್ದೆಗೆ ಅವರೆಕಾಳಿನ ಸಾರು, ಹುರುಳಿಯ ಸಾರು, ಅನ್ನಕ್ಕೆ ತೊಗರಿಬೇಳೆ ಎಂಬ ಜೋಡಣೆಯನ್ನು ನಮ್ಮ ತಾಯಂದಿರು ಪ್ರಯೋಗಶಾಲೆಯ ನೆರವಿಲ್ಲದೆಯೇ ಕಂಡುಕೊಂಡಿದ್ದರು. ಮುಂಜಾನೆ ಮುದ್ದೆ ಮಾಡಲು ಬಿಡುವಿಲ್ಲದ ಮನೆಗಳಲ್ಲಿ ಮೊಳಕೆ ಕಟ್ಟಿದ ರಾಗಿಯ ಹಿಟ್ಟಿನ ಗಂಜಿ, ಕಾಳಿನ ಉಸಲಿ, ರಾಗಿ ರೊಟ್ಟಿ ಇವುಗಳಲ್ಲಿ ಯಾವುದಾದರೊಂದು ಸಾಕು. ಮುಳಬಾಗಿಲಿನ ದೋಸೆ ನಾಡಿನಲ್ಲೆಲ್ಲ ಹೆಸರಾದುದು. ಅದನ್ನು ವಾರಕ್ಕೊಮ್ಮೆ ಸವಿಯುವುದಕ್ಕೆ ಯಾರ ಆಕ್ಷೇಪವೂ ಇಲ್ಲ, ತುಪ್ಪದ ಕೈ ಸ್ವಲ್ಪ ಹಿಡಿತದಲ್ಲಿದ್ದರೆ ಆಯಿತು.

ರಕ್ತ ಮತ್ತು ಕಬ್ಬಿಣ

ಸೌದೆಯಿದ್ದೂ ಗಾಳಿಯಾಡದಿದ್ದರೆ ಒಲೆ ಹೊಗೆಯಾಡುವಂತೆ, ಅನ್ನವಿದ್ದೂ ರಕ್ತದಲ್ಲಿ ಕಬ್ಬಿಣದ ಅಂಶವಿಲ್ಲದಿದ್ದರೆ ಚೈತನ್ಯವಿರದು. ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿನ ಮುಖ್ಯ ಘಟಕವೇ ಕಬ್ಬಿಣ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ೧೫ರಿಂದ ೪೯ ವರ್ಷದೊಳಗಿನ ಭಾರತೀಯ ಸ್ತ್ರೀಯರಲ್ಲಿ ಶೇಕಡಾ ೫೭ ಮಂದಿಗೆ, ಕರ್ನಾಟಕದಲ್ಲಿ ಶೇಕಡಾ ಸುಮಾರು ೪೮ ಮಂದಿಗೆ ರಕ್ತಹೀನತೆಯಿತ್ತು. ಎಂದರೆ ನಮ್ಮ ಶಾಲೆಯ ತಾಯಂದಿರ ಸಭೆಯಲ್ಲಿ ಕುಳಿತ ಇಬ್ಬರಲ್ಲಿ ಒಬ್ಬರಿಗೆ ಈ ಕೊರತೆಯಿರುವ ಸಂಭವವುಂಟು. ಕಣ್ಣಿನ ಕೆಳರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ಮಣ್ಣು ಬಳಪ ತಿನ್ನುವ ಚಪಲ — ಇವು ಅದರ ಲಕ್ಷಣಗಳು.

ಸಸ್ಯಾಹಾರಿಗಳಾದ ನಾವು ಈ ವಿಷಯದಲ್ಲಿ ಹೆಚ್ಚು ಎಚ್ಚರದಿಂದಿರಬೇಕು. ಸೊಪ್ಪು, ಕಾಳು, ರಾಗಿಗಳಲ್ಲಿ ಕಬ್ಬಿಣವಿದೆಯಾದರೂ ದೇಹವು ಅದರಲ್ಲಿ ಸ್ವಲ್ಪ ಪಾಲನ್ನು ಮಾತ್ರ ಹೀರಿಕೊಳ್ಳುತ್ತದೆ. ಆ ಪಾಲನ್ನು ಹೆಚ್ಚಿಸುವ ಮೂರು ಉಪಾಯಗಳಿವೆ. ಮೊದಲನೆಯದು, ಊಟದೊಡನೆ ಹುಳಿಹಣ್ಣಿನ ಸತ್ವ. ನಿಂಬೆ, ನೆಲ್ಲಿ, ಸೀಬೆಹಣ್ಣು, ಟೊಮೆಟೊ ಇವುಗಳಲ್ಲಿರುವ ಸಿ ಜೀವಸತ್ವವು ಕಬ್ಬಿಣವನ್ನು ದೇಹಕ್ಕೆ ಒಗ್ಗುವ ರೂಪದಲ್ಲಿ ಇರಿಸುತ್ತದೆ. ಕೋಲಾರದ ಮಾರುಕಟ್ಟೆಯಿಂದ ಲಾರಿಗಟ್ಟಲೆ ಟೊಮೆಟೊ ಹೊರರಾಜ್ಯಗಳಿಗೆ ಹೋಗುತ್ತದೆ. ಶ್ರೀನಿವಾಸಪುರದ ಮಾವು ದೇಶದ ನಾನಾ ಕಡೆಗಳಿಗೆ ಸಾಗುತ್ತದೆ. ಬೆಳೆದವರ ಮನೆಯ ಮಕ್ಕಳ ತಟ್ಟೆಗೂ ಅವುಗಳಲ್ಲಿ ಪಾಲಿರಲಿ. ಎರಡನೆಯದು, ಮೊಳಕೆ. ರಾಗಿ, ಹೆಸರು, ಹುರುಳಿಗಳನ್ನು ಮೊಳಕೆ ಕಟ್ಟಿಸಿದರೆ ಕಬ್ಬಿಣವನ್ನು ಬಂಧಿಸಿಡುವ ಅಂಶಗಳು ಕಡಿಮೆಯಾಗುತ್ತವೆ. ಮೂರನೆಯದು, ಚಹಾವನ್ನು ಊಟದಿಂದ ದೂರವಿಡುವುದು. ಊಟದೊಡನೆ ಕುಡಿದ ಚಹಾ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತಲೂ ಹೆಚ್ಚಾಗಿ ತಗ್ಗಿಸಬಲ್ಲದು. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಬೇಕು. ಖರ್ಚಿಲ್ಲದ ಈ ಮೂರನೆಯ ನಿಯಮವನ್ನು ಪಾಲಿಸುವವರೇ ಅತ್ಯಂತ ವಿರಳ.

ನಮ್ಮ ಬಸ್ಸಾರನ್ನು ಇಲ್ಲಿ ಸ್ಮರಿಸದಿರಲಾರೆ. ಮಳೆ ಬಿದ್ದ ಮೇಲೆ ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುವ ಅಣ್ಣೆ, ಕೀರೆ, ಹೊನಗೊನೆ ಮೊದಲಾದ ಬೆರಕೆ ಸೊಪ್ಪುಗಳನ್ನು ಕಾಳಿನೊಡನೆ ಬೇಯಿಸಿ, ಬಸಿದ ನೀರನ್ನು ಚೆಲ್ಲದೆ ಸಾರು ಮಾಡಿ, ಉಳಿದುದನ್ನು ಪಲ್ಯ ಮಾಡುತ್ತಾರೆ. ಸೊಪ್ಪಿನಲ್ಲಿರುವ ಫೋಲಿಕ್ ಆಮ್ಲವು ನೀರಿನಲ್ಲಿ ಕರಗುವಂಥದು; ರಕ್ತಕಣಗಳ ಉತ್ಪತ್ತಿಗೆ ಅದು ಅತ್ಯವಶ್ಯ. ಬೆಂದ ನೀರನ್ನು ಚೆಲ್ಲುವವರು ಅದರಲ್ಲೊಂದು ಪಾಲನ್ನು ಬಚ್ಚಲಿಗೆ ಸುರಿಯುತ್ತಾರೆ. ಬಸ್ಸಾರು ಮಾಡುವವರು ಅದನ್ನು ತಟ್ಟೆಯಲ್ಲಿಯೇ ಉಳಿಸಿಕೊಳ್ಳುತ್ತಾರೆ. ಪ್ರಸಾದವನ್ನು ಕೆಡಿಸಬಾರದೆಂಬ ನಮ್ಮ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಅಡಿಗೆಮನೆಯಲ್ಲಿ ದೊರೆಯದು.

ಬಿ–೧೨ ಎಂಬ ಜೀವಸತ್ವವು ಸೊಪ್ಪುಕಾಳುಗಳಲ್ಲಿಲ್ಲ. ಶುದ್ಧ ಸಸ್ಯಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಅದರ ಮೂಲ. ಕರೆದ ಹಾಲನ್ನೆಲ್ಲ ಡೈರಿಗೆ ಅಳೆದುಕೊಟ್ಟು ಮನೆಯ ಮಕ್ಕಳಿಗೆ ಕರಿಚಹಾ ಕೊಡುವ ಕುಟುಂಬಗಳು ನಮ್ಮ ಜಿಲ್ಲೆಯಲ್ಲಿ ಇಲ್ಲದಿಲ್ಲ. ಒಂದು ಲೋಟ ಹಾಲನ್ನು ಮನೆಯಲ್ಲಿ ಉಳಿಸಿಕೊಳ್ಳಿರೆಂದು ಪೋಷಕರ ಸಭೆಯಲ್ಲಿ ಹೇಳುವುದು ಅಧ್ಯಾಪಕರ ಕರ್ತವ್ಯ.

ಬರಿಗಾಲಿನ ನಡಿಗೆಯಿಂದ ಮಣ್ಣಿನಲ್ಲಿರುವ ಕೊಕ್ಕೆಹುಳುವಿನ ಮರಿಗಳು ಪಾದದ ಚರ್ಮದ ಮೂಲಕ ಒಳಸೇರಿ, ಕರುಳಿನಲ್ಲಿ ನೆಲೆಸಿ ರಕ್ತವನ್ನು ಹೀರುತ್ತವೆ. ಕಾಲಿಗೆ ಚಪ್ಪಲಿ, ಮನೆಗೆ ಶೌಚಾಲಯ, ಊಟಕ್ಕೆ ಮೊದಲು ಕೈತೊಳೆಯುವಿಕೆ — ಇವು ರಕ್ತವನ್ನು ಉಳಿಸುವ ಸಾಧನಗಳೇ. ೨೦೧೫ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆಗಳಲ್ಲಿ ಕೊಡುವ ಮಾತ್ರೆಯನ್ನೂ, ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಮಾತ್ರೆಯನ್ನೂ ಮಕ್ಕಳು ಜೇಬಿಗೆ ಹಾಕಿಕೊಂಡು ಹೋಗದಂತೆ ಎದುರಿಗೇ ನುಂಗಿಸಬೇಕು. ಕಬ್ಬಿಣದ ಮಾತ್ರೆಯನ್ನು ಊಟವಾದ ಮೇಲೆ ನೀರಿನೊಡನೆ ಕೊಟ್ಟರೆ ವಾಕರಿಕೆ ಕಡಿಮೆ. ಹಾಲು, ಚಹಾಗಳೊಡನೆ ಕೊಡಬಾರದು.

ನೀರು

ದೇಹದ ತೂಕದಲ್ಲಿ ಶೇಕಡಾ ಎರಡರಷ್ಟು ನೀರು ಕಡಿಮೆಯಾದರೂ ಗಮನಶಕ್ತಿ ಕುಗ್ಗುತ್ತದೆ, ತಲೆ ನೋಯುತ್ತದೆ. ಬೇಸಗೆಯಲ್ಲಿ ಎರಡು ಮೈಲಿ ನಡೆದು ಬಂದ ಮಗು ಈ ಮಿತಿಯನ್ನು ಬಲುಬೇಗ ಮುಟ್ಟುತ್ತದೆ. ಬಾಯಾರಿಕೆಯನ್ನು ಹಸಿವೆಂದೋ ದಣಿವೆಂದೋ ತಪ್ಪಾಗಿ ತಿಳಿಯುವುದೂ ಉಂಟು. ಬೆಳಿಗ್ಗೆ ಎದ್ದೊಡನೆ ಒಂದು ಲೋಟ, ಶಾಲೆಗೆ ಹೊರಡುವ ಮೊದಲು ಒಂದು ಲೋಟ, ಬಳಿಕ ಎರಡೆರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ನೀರು ಕುಡಿಯುವುದು ಸುಲಭದ ಅಭ್ಯಾಸ. ಮೂತ್ರವು ತಿಳಿಹಳದಿಯಾಗಿದ್ದರೆ ನೀರು ಸಾಕಾಗಿದೆಯೆಂದು ತಿಳಿಯಬಹುದು. ಬೇಸಗೆಯಲ್ಲಿ ಉಪ್ಪು ಬೆರೆಸಿದ ನೀರುಮಜ್ಜಿಗೆಗಿಂತ ಉತ್ತಮವಾದ ಪಾನೀಯವಿಲ್ಲ.

ಇಲ್ಲಿ ಹೇಳಲು ಸಂಕೋಚವಾಗುವ, ಆದರೆ ಹೇಳಲೇಬೇಕಾದ ಮಾತೊಂದಿದೆ. ಹೆಣ್ಣುಮಕ್ಕಳು ಅನೇಕರು ಶಾಲೆಯಲ್ಲಿ ದಿನವಿಡೀ ನೀರು ಕುಡಿಯುವುದೇ ಇಲ್ಲ. ಬಾಯಾರಿಕೆಯಿಲ್ಲದೆ ಅಲ್ಲ, ಬಾಗಿಲು ನೀರುಗಳಿರುವ ಶೌಚಾಲಯವಿಲ್ಲದೆ. ದಾನಿಗಳು ಸಭಾಭವನಕ್ಕೆ, ಮಹಾದ್ವಾರಕ್ಕೆ ಉದಾರವಾಗಿ ನೀಡುತ್ತಾರೆ, ಅದು ಸ್ತುತ್ಯ. ಆದರೆ ಒಂದು ಶುಚಿಯಾದ ಶೌಚಾಲಯವೂ ಅದನ್ನು ದಿನವೂ ತೊಳೆಯುವ ಏರ್ಪಾಡೂ ಮಕ್ಕಳ ಕಲಿಕೆಗೆ ಕೊಡುವ ಬಲ ಕಡಿಮೆಯದಲ್ಲ.

ಕೋಲಾರ ಜಿಲ್ಲೆಗೆ ಜೀವನದಿಗಳಿಲ್ಲ. ಕೆರೆಗಳು ಬತ್ತಿದಂತೆ ಕೊಳವೆಬಾವಿಗಳು ಆಳವಾದವು. ಅನೇಕ ಕಡೆ ಆ ನೀರಿನಲ್ಲಿ ಫ್ಲೋರೈಡ್ ಅಂಶವು ಲೀಟರಿಗೆ ೧.೫ ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ಆದುದರಿಂದ ಶಾಲೆಯ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ, ಅಗತ್ಯವಿದ್ದಲ್ಲಿ ಶುದ್ಧೀಕರಣ ಘಟಕದ ನೀರನ್ನೇ ಒದಗಿಸಬೇಕು.

ನಿದ್ರೆ

ನಿದ್ರೆಯನ್ನು ಕಡಿಮೆ ಮಾಡುವುದೇ ಪುರುಷಾರ್ಥವೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅದನ್ನು ಬೆಳೆಸಿದವರು ನಾವೇ. ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಒಂಬತ್ತರಿಂದ ಹನ್ನೆರಡು ಗಂಟೆ, ಹದಿಮೂರರಿಂದ ಹದಿನೆಂಟು ವರ್ಷದವರಿಗೆ ಎಂಟರಿಂದ ಹತ್ತು ಗಂಟೆ, ವಯಸ್ಕರಿಗೆ ಏಳು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಬೇಕೆಂಬುದು ವೈದ್ಯರ ಅಭಿಪ್ರಾಯ. ಹಗಲು ಓದಿದುದು ಮನಸ್ಸಿನಲ್ಲಿ ನೆಲೆಯೂರುವುದು ನಿದ್ರೆಯಲ್ಲಿಯೇ. ಹೀಗಿರಲು ಓದುವುದಕ್ಕಾಗಿ ನಿದ್ರೆಗೆಡುವುದು ಬಿತ್ತನೆಯ ಬೀಜವನ್ನು ಬೇಯಿಸಿ ಉಂಡಂತೆ.

ನಮ್ಮ ವಿದ್ಯಾರ್ಥಿನಿಲಯಗಳಲ್ಲಿ ಬ್ರಾಹ್ಮೀಮುಹೂರ್ತದಲ್ಲಿ ಎಬ್ಬಿಸುವ ಸಂಪ್ರದಾಯವಿದೆ. ಸಂಪ್ರದಾಯ ಒಳ್ಳೆಯದೇ, ಆದರೆ ಐದು ಗಂಟೆಗೆ ಏಳಬೇಕಾದ ಹುಡುಗ ಒಂಬತ್ತು ಗಂಟೆಗೆ ಮಲಗಲೇಬೇಕು. ಏಳುವ ಗಂಟೆಯನ್ನು ಬಾರಿಸುವವರು ಮಲಗುವ ಗಂಟೆಯನ್ನೂ ಅಷ್ಟೇ ನಿಷ್ಠೆಯಿಂದ ಬಾರಿಸಬೇಕು. ನಿತ್ಯವೂ ಒಂದೇ ವೇಳೆಗೆ ಎದ್ದು ಸ್ನಾನ ಮಾಡಿ ಇಷ್ಟಲಿಂಗಪೂಜೆಗೆ ಕುಳಿತುಕೊಳ್ಳುವ ನಿಯಮವು ದೇಹದ ಗಡಿಯಾರವನ್ನು ಸರಿಯಾಗಿ ಇರಿಸುತ್ತದೆ. ದಿನದ ಗದ್ದಲ ಮೊದಲಾಗುವುದಕ್ಕೆ ಮುನ್ನ ಮನಸ್ಸಿಗೆ ಕೆಲವು ನಿಮಿಷಗಳ ನಿಶ್ಚಲತೆಯನ್ನು ಕೊಡುತ್ತದೆ. ಮಲಗುವ ಒಂದು ಗಂಟೆ ಮೊದಲು ಮೊಬೈಲನ್ನು ಬೇರೆ ಕೋಣೆಯಲ್ಲಿಡಬೇಕು. ಅದರ ಬೆಳಕು ನಿದ್ರೆ ತರುವ ರಸದ ಸ್ರಾವವನ್ನು ತಡೆಯುತ್ತದೆ. ಅದರಲ್ಲಿ ಬರುವ ಸುದ್ದಿಗಳು ಮನಸ್ಸಿನ ಶಾಂತಿಯನ್ನು ತಡೆಯುತ್ತವೆ.

ನಡಿಗೆ ಮತ್ತು ಕಾಯಕ

ದಣಿದವನಿಗೆ ನಡೆಯೆಂದು ಹೇಳುವುದು ವಿಚಿತ್ರವೆನಿಸಬಹುದು. ಆದರೆ ಬಳಸದ ಶಕ್ತಿ ಬೆಳೆಯುವುದಿಲ್ಲ. ಕ್ರಮವಾಗಿ ನಡೆಯುವವರ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ನೂಕಬಲ್ಲದು. ಸ್ನಾಯುಗಳು ಶಕ್ತಿಯನ್ನು ಹೆಚ್ಚು ಸಮರ್ಥವಾಗಿ ಬಳಸಬಲ್ಲವು. ಮಕ್ಕಳಿಗೆ ದಿನಕ್ಕೆ ೬೦ ನಿಮಿಷಗಳ ಆಟ ಓಟ, ವಯಸ್ಕರಿಗೆ ವಾರಕ್ಕೆ ೧೫೦ ನಿಮಿಷಗಳ ಚುರುಕಾದ ನಡಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಊಟವಾದ ಮೇಲೆ ಹತ್ತು ನಿಮಿಷ ನಿಧಾನವಾಗಿ ಅಡ್ಡಾಡಿದರೆ ಮಧ್ಯಾಹ್ನದ ಜಡತೆ ಎಷ್ಟೋ ಕಡಿಮೆಯಾಗುತ್ತದೆ.

ಕೋಲಾರದವರಿಗೆ ಊರ ಮಗ್ಗುಲಲ್ಲಿಯೇ ಶತಶೃಂಗ ಪರ್ವತವಿದೆ. ಮೆಟ್ಟಿಲುಗಳನ್ನೇರಿ ಅಂತರಗಂಗೆಯಲ್ಲಿ ಕಲ್ಲಿನ ಬಸವನ ಬಾಯಿಂದ ಹರಿಯುವ ನೀರನ್ನು ಕಂಡು ಬರುವುದು ಯಾತ್ರೆಯೂ ಹೌದು, ವ್ಯಾಯಾಮವೂ ಹೌದು. ಅಂದಿನ ಕೋಲಾರ ಜಿಲ್ಲೆಯ, ೨೦೦೭ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರು ನೂರು ವರ್ಷಗಳನ್ನು ದಾಟಿ ೧೯೬೨ರಲ್ಲಿ ಲಿಂಗೈಕ್ಯರಾದಂಥ ಶಾಂತಿಯಿಂದ ಕಾಲವಾದರು. ನಿಯತವಾದ ನಡಿಗೆ, ಮಿತವಾದ ಆಹಾರ, ಗಡಿಯಾರದಂಥ ಕಾಲಪಾಲನೆ ಅವರ ದಿನಚರ್ಯೆಯ ಲಕ್ಷಣಗಳಾಗಿದ್ದವು. ತುಮಕೂರಿನ ಸಿದ್ಧಗಂಗಾ ಮಠದ ಡಾ. ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ೨೦೧೯ರ ಜನವರಿ ೨೧ರಂದು ಲಿಂಗೈಕ್ಯರಾಗುವವರೆಗೆ ಶತಾಯುಷ್ಯವನ್ನು ಮೀರಿ ಬಾಳಿದರು. ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದ ಆ ಬಾಳಿನ ಹಿಂದೆ ಸರಳವಾದ ಆಹಾರವೂ ತಪ್ಪದ ನಿತ್ಯನೇಮವೂ ಇದ್ದುವೆಂಬುದನ್ನು ಕಂಡವರೆಲ್ಲರೂ ಬಲ್ಲರು. ಎಲ್ಲರೂ ನೂರು ವರ್ಷ ಬದುಕುವರೆಂದು ಇದರ ಅರ್ಥವಲ್ಲ. ಬದುಕಿದಷ್ಟು ದಿನ ಕೈಕಾಲುಗಳು ಕೆಲಸಕ್ಕೆ ಬರುವಂತಿರಬೇಕೆಂಬುದೇ ಇದರ ತಾತ್ಪರ್ಯ.

ಕಾಫಿ, ಚಹಾ ಮತ್ತು ಉತ್ತೇಜಕ ಪಾನೀಯಗಳು

ಕೆಫೀನು ಶಕ್ತಿಯನ್ನು ಕೊಡುವುದಿಲ್ಲ. ಮಿದುಳಿಗೆ ದಣಿವಿನ ಸುದ್ದಿ ಮುಟ್ಟದಂತೆ ತಡೆಯುತ್ತದೆ, ಅಷ್ಟೆ. ಅದು ನಾಳೆಯ ಚೈತನ್ಯದ ಮೇಲೆ ಇಂದು ಎತ್ತಿದ ಸಾಲ. ಕುಡಿದ ಕೆಫೀನಿನಲ್ಲಿ ಅರ್ಧವು ದೇಹದಿಂದ ಹೋಗುವುದಕ್ಕೆ ಸುಮಾರು ಐದು ಗಂಟೆ ಬೇಕು. ಸಂಜೆ ಆರಕ್ಕೆ ಕುಡಿದ ಕಾಫಿ ರಾತ್ರಿ ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ, ನಿದ್ರೆ ಕೆಡುತ್ತದೆ, ಮರುದಿನ ಇನ್ನೊಂದು ಲೋಟ ಹೆಚ್ಚು ಬೇಕಾಗುತ್ತದೆ. ಹಗಲಿನಲ್ಲಿ ಎರಡು ಲೋಟಗಳಿಗೆ ತೃಪ್ತರಾಗಿ ಮಧ್ಯಾಹ್ನ ಮೂರರ ನಂತರ ಬಿಡುವುದು ವಯಸ್ಕರಿಗೆ ಕ್ಷೇಮ. ಡಬ್ಬಿಗಳಲ್ಲಿ ಬರುವ ಉತ್ತೇಜಕ ಪಾನೀಯಗಳಲ್ಲಿ ಕೆಫೀನಿನೊಡನೆ ಸಕ್ಕರೆಯೂ ಹೇರಳವಾಗಿರುತ್ತದೆ. ಅವನ್ನು ಮಕ್ಕಳ ಕೈಗೆ ಕೊಡಲೇಬಾರದು.

ಶಾಲೆಯ ಹೊಣೆ

೨೦೦೨ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಮಧ್ಯಾಹ್ನದ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟರು. ೨೦೧೩ರ ಆಗಸ್ಟ್ ೧ರಂದು ‘ಕ್ಷೀರಭಾಗ್ಯ’ ಯೋಜನೆಯಿಂದ ಹಾಲು, ೨೦೨೪ರಲ್ಲಿ ರಾಗಿ ಮಾಲ್ಟ್ ಅದಕ್ಕೆ ಸೇರಿಕೊಂಡವು. ಹಸಿದ ಹೊಟ್ಟೆಗೆ ಅಕ್ಷರ ದಕ್ಕದೆಂಬ ತತ್ತ್ವವನ್ನು ಮಠಗಳು ಬಹುಕಾಲದಿಂದ ಆಚರಿಸಿಕೊಂಡು ಬಂದಿವೆ. ರಾಜ್ಯವು ಆ ತತ್ತ್ವವನ್ನೂ, ಶರಣರ ಶಬ್ದವನ್ನೂ ಸ್ವೀಕರಿಸಿದುದು ನಮಗೆ ಹೆಮ್ಮೆಯ ಸಂಗತಿ. ಆ ಹೆಮ್ಮೆಗೆ ತಕ್ಕ ಹೊಣೆಯೂ ಉಂಟು. ಪ್ರತಿ ತರಗತಿಯ ಅಧ್ಯಾಪಕರು ಹಾಜರಿ ಕರೆಯುವಾಗ ಬೆಳಿಗ್ಗೆ ಏನನ್ನೂ ತಿನ್ನದೆ ಬಂದ ಮಕ್ಕಳು ಯಾರೆಂಬುದನ್ನು, ಯಾರ ಮನಸ್ಸಿಗೂ ನೋವಾಗದಂತೆ, ತಿಳಿದುಕೊಳ್ಳಬೇಕು. ವರ್ಷಕ್ಕೊಮ್ಮೆಯಾದರೂ ರಕ್ತಪರೀಕ್ಷೆಯ ಏರ್ಪಾಡಾಗಬೇಕು. ಪೌಷ್ಟಿಕ ಆಹಾರ ಸೇವಿಸಿ, ನಿದ್ರೆ ಮಾಡಿಯೂ ಎರಡು ಮೂರು ವಾರಗಳಲ್ಲಿ ದಣಿವು ಕಡಿಮೆಯಾಗದಿದ್ದರೆ ರಕ್ತಹೀನತೆ, ಥೈರಾಯಿಡ್, ಸಕ್ಕರೆ ಕಾಯಿಲೆ, ಕ್ಷಯ ಮೊದಲಾದವುಗಳಿಗಾಗಿ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮನೆಮದ್ದಿನಲ್ಲಿ ಕಾಲಹರಣ ಸಲ್ಲದು.

ಉಪಸಂಹಾರ

ಇಷ್ಟು ಹೇಳಿದುದರ ಸಾರವನ್ನು ಹೀಗೆ ಸಂಗ್ರಹಿಸಬಹುದು:

೧. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮನೆಯಿಂದ ಹೊರಡಬಾರದು.

೨. ದಿನಕ್ಕೊಮ್ಮೆ ಸೊಪ್ಪು, ದಿನಕ್ಕೊಮ್ಮೆ ಕಾಳು, ಊಟದೊಡನೆ ಒಂದು ಹೋಳು ನಿಂಬೆ ಅಥವಾ ಹಣ್ಣು.

೩. ಊಟಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆಯ ಅಂತರ.

೪. ಒಂದು ಲೋಟ ಹಾಲು ಅಥವಾ ಮೊಸರು ಮನೆಯವರಿಗಾಗಿ.

೫. ಬಾಯಾರುವುದಕ್ಕೆ ಮೊದಲೇ ನೀರು.

೬. ಮಲಗುವುದಕ್ಕೂ ಏಳುವುದಕ್ಕೂ ನಿಶ್ಚಿತ ವೇಳೆ.

೭. ದಿನವೂ ಅರ್ಧ ಗಂಟೆಯ ನಡಿಗೆ.

೮. ಬಿಡದ ದಣಿವಿಗೆ ವೈದ್ಯರ ಸಲಹೆ.

ಎಂಟನ್ನೂ ಒಂದೇ ದಿನ ಹಿಡಿದವರು ಎಂಟನ್ನೂ ಬೇಗನೆ ಬಿಡುತ್ತಾರೆ. ಒಂದನ್ನು ಹಿಡಿದು ಒಂದು ತಿಂಗಳು ನಡೆಸಿ, ಬಳಿಕ ಎರಡನೆಯದಕ್ಕೆ ಹೋಗುವುದು ಜಾಣತನ. ಅಧ್ಯಾಪಕ ಬಂಧುಗಳಲ್ಲಿ ನನ್ನ ಅರಿಕೆ ಇನ್ನೂ ಒಂದಿದೆ. ನಾಳೆ ತರಗತಿ ನಡೆಯುವಾಗ ಮೂಲೆಯ ಬೆಂಚಿನಲ್ಲಿ ಒಂದು ಮಗು ತೂಕಡಿಸಿದರೆ, ಬೈಯುವುದಕ್ಕೆ ಮೊದಲು ಬಳಿಗೆ ಕರೆದು ಮೂರು ಪ್ರಶ್ನೆಗಳನ್ನು ಕೇಳಿರಿ: “ಬೆಳಿಗ್ಗೆ ಏನು ತಿಂದೆ, ಮಗು? ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ? ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರೆಯೇ?” ನಾನು ಅಂದು ಕೇಳದೆ ಹೋದ ಪ್ರಶ್ನೆಗಳು ಇವು. ಇವನ್ನು ಕೇಳುವುದಕ್ಕೆ ಒಂದು ನಿಮಿಷ ಸಾಕು; ಕೇಳದೆ ಹೋದುದರ ನಷ್ಟ ಮಾತ್ರ ಬಹುಕಾಲ ಉಳಿಯುತ್ತದೆ.

ಸರ್ವರಿಗೂ ಆರೋಗ್ಯವೂ, ಕಾಯಕಕ್ಕೆ ತಕ್ಕ ಚೈತನ್ಯವೂ ಲಭಿಸಲೆಂದು ಹಾರೈಸುತ್ತೇನೆ. ಶರಣು.